ಸೈಕಲ್ ಊರು ಸೇರಬೇಕಾದರೆ

(ಬೆಂಗಳೂರಿನ ಒಂದು ಸಾಕ್ಷರತಾ ಕೇಂದ್ರದಲ್ಲಿ, ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರು ಆಡಿದ ಮಾತು)

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,



ನಾನು ಭಾಷಣ ಮಾಡುವವನಲ್ಲ. ಸೈಕಲ್ ರಿಪೇರಿ ಮಾಡುವವನು. ಪಂಕ್ಚರ್ ಹಾಕ್ತೀನಿ. ಚಕ್ರದ ಡೊಂಕು ತೆಗೀತೀನಿ. ಹಳೇ ಸೈಕಲ್ ಕೊಂಡು, ಸರಿ ಮಾಡಿ ಮಾರ್ತೀನಿ. ನಿಮ್ಮ ಟೀಚರಮ್ಮ ನನ್ನ ಅಂಗಡಿಗೆ ಬಂದಿದ್ದರು. "ನಮ್ಮ ಕೇಂದ್ರದಲ್ಲಿ ದೂರದ ಊರಿನವರೇ ಹೆಚ್ಚು. ಊರಿಗೆ ಸೈಕಲ್ ಕಳಿಸೋದು ಹೇಗೆ ಅಂತ ಕೇಳ್ತಾರೆ. ಬಂದು ಹೇಳಿ" ಅಂದರು. ಅದಕ್ಕೇ ಬಂದೆ.

ನನ್ನ ಊರು ರಾಯಚೂರು ಜಿಲ್ಲೆ. ನಿಮ್ಮ ಹಾಗೆ ನಾನೂ ಕೂಲಿಗೆ ಬಂದವನು. ಮೊದಲು ನನ್ನ ಕಥೆ ಕೇಳ್ರಿ. ಆಮೇಲೆ ಸೈಕಲ್ ಕಟ್ಟೋದು ಹೇಳ್ತೀನಿ.

1. ನನ್ನ ಹೆಬ್ಬೆಟ್ಟು

ಅದು 1993. ನಾನು ಒಂದು ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನನಗೆ ಆಗ ಒಂದಕ್ಷರವೂ ಬರ್ತಿರಲಿಲ್ಲ.

ಊರಲ್ಲಿ ನನ್ನ ತಂಗಿ 7ನೇ ತರಗತಿ ಪಾಸಾದಳು. ಹೈಸ್ಕೂಲು ನಮ್ಮೂರಲ್ಲಿ ಇಲ್ಲ. 6 ಕಿಲೋಮೀಟರು ದೂರ. ಶಾಲೆ ಹೊತ್ತಿಗೆ ಬಸ್ಸಿಲ್ಲ. ನಮ್ಮಪ್ಪ ಒಂದೇ ಮಾತು ಹೇಳಿ ಕಳಿಸಿದ:

"ಸೈಕಲ್ ಬಂದ್ರ ಸಾಲಿಗಿ ಹೋಗ್ಲಿ. ಇಲ್ಲಂದ್ರ ಹೊಲಕ್ಕ ಬರ್ಲಿ."

ನಾನು 4 ತಿಂಗಳು ದುಡ್ಡು ಕೂಡಿಸಿದೆ. ಒಂದು ಹಳೇ ಲೇಡೀಸ್ ಸೈಕಲ್ ಕೊಂಡೆ. ರಾತ್ರಿ ಕೂತು ಸರಿ ಮಾಡಿದೆ. ಹೊಸ ಬೆಲ್ ಹಾಕಿದೆ. ಮೇ ತಿಂಗಳ ಕೊನೆಗೆ ಒಂದು ಲಾರಿ ಪಾರ್ಸೆಲ್ ಆಫೀಸಿಗೆ ತಳ್ಳಿಕೊಂಡು ಹೋದೆ.

ಅಲ್ಲಿನ ಗುಮಾಸ್ತರು ಊರು ಕೇಳಿದರು. ಊರ ಹೆಸರು ಹೇಳಿದೆ. ತಾಲ್ಲೂಕು, ಜಿಲ್ಲೆ ನಾನು ಹೇಳಲಿಲ್ಲ. ಅವರು ಕೇಳಲಿಲ್ಲ. ಏನೋ ಬರೆದರು. "ಇಲ್ಲಿ ಒತ್ತು" ಅಂದರು. ಹೆಬ್ಬೆಟ್ಟು ಒತ್ತಿದೆ. ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡೆ.

ಸೈಕಲ್ಲನ್ನು ಹಾಗೇ ಕೊಟ್ಟಿದ್ದೆ. ಪೆಡಲ್ ಬಿಚ್ಚಿರಲಿಲ್ಲ. ಒಂದು ಗೋಣಿತಾಟು ಕೂಡ ಸುತ್ತಿರಲಿಲ್ಲ. ಅದರ ಮೇಲೆ ವಿಳಾಸವೂ ಇರಲಿಲ್ಲ.

ಜೂನ್ ಆಯಿತು. ಸೈಕಲ್ ಬರಲಿಲ್ಲ. ಜುಲೈ ಆಯಿತು. ಬರಲಿಲ್ಲ. ಮತ್ತೆ ಆ ಆಫೀಸಿಗೆ ಹೋದೆ. ಚೀಟಿ ತೋರಿಸಿದೆ. ಆಗ ಗೊತ್ತಾಯಿತು. ನಮ್ಮೂರಿನ ಹೆಸರಿನ ಊರು ಬೇರೆ ಜಿಲ್ಲೆಯಲ್ಲೂ ಒಂದಿದೆ. ಸೈಕಲ್ ಅಲ್ಲಿಗೆ ಹೋಗಿ ಗೋದಾಮಿನಲ್ಲಿ ಬಿದ್ದಿತ್ತು.

ಆಗಸ್ಟಿನಲ್ಲಿ ಅದು ನಮ್ಮೂರು ಮುಟ್ಟಿತು. ಮುಂದಿನ ಫೋರ್ಕು ಬಾಗಿತ್ತು. ಯಾವುದೋ ಭಾರ ಬಿದ್ದು ಪೆಡಲು ಕಡ್ಡಿಗಳ ಒಳಗೆ ತೂರಿತ್ತು. ಹೊಸ ಬೆಲ್ ಇರಲಿಲ್ಲ.

ಆಫೀಸಿನಲ್ಲಿ ಕೇಳಿದೆ. ಅವರು ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ ನೋಡು, ಮಾಲು ಮಾಲೀಕನ ಜವಾಬ್ದಾರಿ ಅಂತ ಅಚ್ಚಾಗಿದೆ. ನೀನೇ ಹೆಬ್ಬೆಟ್ಟು ಒತ್ತಿದ್ದೀಯ" ಅಂದರು.

ನಾನು ಏನು ಹೇಳಲಿ? ಓದಲು ಬಂದಿದ್ದರೆ ತಾನೇ ಹೇಳೋದು!

ಆ ಹೊತ್ತಿಗೆ ನನ್ನ ತಂಗಿ ಕಳೆ ತೆಗೆಯುವ ಕೂಲಿಗೆ ಹೋಗ್ತಿದ್ದಳು. ಮತ್ತೆ ಶಾಲೆಗೆ ಹೋಗಲೇ ಇಲ್ಲ.

ಆ ಆಫೀಸಿನ ತಪ್ಪೂ ಇತ್ತು. ನನ್ನ ತಪ್ಪೂ ಇತ್ತು. ಆದರೆ ನಷ್ಟ ಆಗಿದ್ದು ಅವಳಿಗೆ. ಮರುವರ್ಷ, 1994ರಲ್ಲಿ, ನಾನು ರಾತ್ರಿ ಶಾಲೆಗೆ ಸೇರಿದೆ. ಮೊದಲು ಕಲಿತದ್ದು ನನ್ನ ಹೆಸರು. ಎರಡನೆಯದು ನಮ್ಮೂರಿನ ಪೂರ್ತಿ ವಿಳಾಸ.

2. ಯಾವುದರಲ್ಲಿ ಕಳಿಸಬೇಕು?

ಈಗ ಕೆಲಸದ ಮಾತಿಗೆ ಬರೋಣ. ಸೈಕಲ್ ಕಳಿಸಲು ನಮ್ಮಂಥವರಿಗೆ ನಾಲ್ಕು ದಾರಿ ಇದೆ.

ಒಂದು, ರೈಲು. ರೈಲಿನಲ್ಲಿ ಎರಡು ಬಗೆ. ನೀವೂ ಅದೇ ರೈಲಿನಲ್ಲಿ ಹೋಗುವುದಾದರೆ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಬಹುದು. ನೀವು ಹೋಗದಿದ್ದರೆ ಪಾರ್ಸೆಲ್ ಅಂತ ಬುಕ್ ಮಾಡಬೇಕು. ಟಿಕೆಟ್ ಜೊತೆ ಇಷ್ಟು ಕಿಲೋ ಸಾಮಾನು ಪುಕ್ಕಟೆ ಅಂತ ಇರ್ತದಲ್ಲ, ಅದು ಸೈಕಲ್ಲಿಗೆ ಇಲ್ಲ. ಸೈಕಲ್ಲಿಗೆ ದುಡ್ಡು ಕಟ್ಟಲೇಬೇಕು.

ಎರಡು, ಬಸ್ಸು. ಕೆ.ಎಸ್.ಆರ್.ಟಿ.ಸಿ. 2021ರಲ್ಲಿ "ನಮ್ಮ ಕಾರ್ಗೋ" ಅಂತ ಪಾರ್ಸೆಲ್ ಸೇವೆ ಶುರು ಮಾಡಿತು. ನಿಮ್ಮ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಸೈಕಲ್ ಹೋಗ್ತದಾ, ಕೌಂಟರಿನಲ್ಲಿ ಕೇಳಿ.

ಮೂರು, ಲಾರಿ ಪಾರ್ಸೆಲ್ ಆಫೀಸು.

ನಾಲ್ಕು, ಕೊರಿಯರ್. ಮನೆ ಬಾಗಿಲಿಗೆ ಮುಟ್ಟಿಸ್ತಾರೆ. ಆದರೆ ಸೈಕಲ್ಲಿನಂಥ ದೊಡ್ಡ ವಸ್ತುವಿಗೆ ಹೆಚ್ಚು ಬೀಳ್ತದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ಯಾವುದು ಅಗ್ಗ? ಬಾಡಿಗೆ ಒಂದನ್ನೇ ಕೇಳಿ ತೀರ್ಮಾನ ಮಾಡಬೇಡಿ. "ಎಲ್ಲಾ ಸೇರಿ ಎಷ್ಟು?" ಅಂತ ಕೇಳಿ. ಹತ್ತಿಸುವ ಕೂಲಿ, ಇಳಿಸುವ ಕೂಲಿ, ಪ್ಯಾಕಿಂಗ್, ಅಲ್ಲಿಂದ ಮನೆಗೆ ಒಯ್ಯುವ ಖರ್ಚು ಎಲ್ಲಾ ಸೇರಬೇಕು.

ಒಂದು ಲೆಕ್ಕ ಮಾಡೋಣ. ಇದು ನಿಜವಾದ ದರ ಅಲ್ಲ, ಲೆಕ್ಕ ಕಲಿಯಲು ಹೇಳ್ತೀನಿ.

ಒಬ್ಬರು ಬಾಡಿಗೆ 250 ಅಂತಾರೆ. ಹಮಾಲಿ ಕೂಲಿ 80 ಅಂತಾರೆ. ಅಲ್ಲಿಂದ ಊರಿಗೆ ಆಟೋ 200. ಒಟ್ಟು 530.

ಇನ್ನೊಬ್ಬರು 400 ಅಂತಾರೆ. ಕೂಲಿ ಸೇರಿದೆ. ಊರ ಪಕ್ಕದ ಬಸ್ ನಿಲ್ದಾಣಕ್ಕೇ ಬರ್ತದೆ. ಒಟ್ಟು 400.

ಮೊದಲು ಕೇಳಿದಾಗ 250 ಅಗ್ಗ ಅನಿಸಿತು. ಕೂಡಿ ನೋಡಿದರೆ 400 ಅಗ್ಗ. ಕೂಡುವ ಲೆಕ್ಕ ಕಲಿತದ್ದು ಇದಕ್ಕೇ ಅಲ್ಲವಾ?

ರೈಲಿನ ಬಗ್ಗೆ ಇನ್ನೊಂದು ಮಾತು. ಎಲ್ಲಾ ಸ್ಟೇಷನ್ನಿನಲ್ಲೂ ಪಾರ್ಸೆಲ್ ಇಳಿಸುವುದಿಲ್ಲ. ರೈಲು ಒಂದೆರಡು ನಿಮಿಷ ನಿಲ್ಲುವ ಕಡೆ ಸೈಕಲ್ ಇಳಿಸಲು ಹೊತ್ತು ಎಲ್ಲಿರ್ತದೆ? ಹಾಗಾಗಿ ಮೊದಲೇ ಪಾರ್ಸೆಲ್ ಆಫೀಸಿನಲ್ಲಿ ಕೇಳಿ: "ಈ ರೈಲಿನಿಂದ ನಮ್ಮ ಸ್ಟೇಷನ್ನಿನಲ್ಲಿ ಪಾರ್ಸೆಲ್ ಇಳೀತದಾ?" ಇಲ್ಲ ಅಂದರೆ ಹತ್ತಿರದ ದೊಡ್ಡ ಸ್ಟೇಷನ್ನಿಗೆ ಬುಕ್ ಮಾಡಿ.

3. ರೈಲಿಗೆ, ಲಾರಿಗೆ ಕಟ್ಟುವ ಬಗೆ

ರೈಲಿಗೆ, ಲಾರಿಗೆ ಕೊಡುವಾಗ ಚಕ್ರ ಬಿಚ್ಚಬೇಡಿ. ಯಾಕೆ? ಉರುಳುವ ಸೈಕಲ್ಲನ್ನು ಹಮಾಲರು ತಳ್ಳಿಕೊಂಡು ಹೋಗ್ತಾರೆ. ಉರುಳದಿದ್ದರೆ ಎತ್ತಿ ಒಗೀತಾರೆ. ಅವರದೂ ತಪ್ಪಲ್ಲ. ದಿನಕ್ಕೆ ಎಷ್ಟು ಭಾರ ಎತ್ತಬೇಕು, ನೀವೇ ಹೇಳಿ.

ಮಾಡುವ ಕೆಲಸ ಇಷ್ಟು.

ಮೊದಲು ಸೈಕಲ್ ಒರೆಸಿ. ಚೈನಿಗೆ ಎಣ್ಣೆ ಬಿಡಿ. ಚೈನಿಗೆ ಹಳೇ ಪೇಪರ್ ಸುತ್ತಿ.

ಎರಡೂ ಪೆಡಲ್ ಬಿಚ್ಚಿ. ಇಲ್ಲಿ ಹುಷಾರು! ಬಲಗಡೆ ಪೆಡಲ್ ಎಲ್ಲಾ ನಟ್ಟಿನ ಹಾಗೆ, ಗಡಿಯಾರದ ಮುಳ್ಳು ತಿರುಗುವುದಕ್ಕೆ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದು ಹಾಗಲ್ಲ. ಅದರ ಮರೆಯೇ ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಜೋರು ಮಾಡಿ ಮರೆ ಕೆಡಿಸಿದ್ದಾರೆ. ಬಿಚ್ಚಿದ ಪೆಡಲಿಗೆ ಎಡ, ಬಲ ಅಂತ ಬರೆದ ಚೀಟಿ ಕಟ್ಟಿ. ಜೋಡಿಸುವವರಿಗೆ ಅನುಕೂಲ.

ಹ್ಯಾಂಡಲಿನ ನಡುವಿನ ಬೋಲ್ಟು ಸಡಿಲ ಮಾಡಿ. ಹ್ಯಾಂಡಲನ್ನು ಸೈಕಲ್ಲಿನ ಉದ್ದಕ್ಕೇ ಬರುವಂತೆ ತಿರುಗಿಸಿ. ಮತ್ತೆ ಬಿಗಿ ಮಾಡಿ. ಈಗ ಸೈಕಲ್ ಕಡಿಮೆ ಜಾಗ ಹಿಡೀತದೆ. ಹ್ಯಾಂಡಲ್ ಯಾರಿಗೂ ತಗುಲುವುದಿಲ್ಲ.

ಸೀಟು ಕೆಳಗೆ ಇಳಿಸಿ.

ಬೆಲ್ಲು, ಗಾಳಿ ಪಂಪು, ಬೀಗ, ಕನ್ನಡಿ ಎಲ್ಲಾ ಬಿಚ್ಚಿ. ಪೆಡಲ್ ಸಮೇತ ಒಂದು ಬಟ್ಟೆ ಚೀಲಕ್ಕೆ ಹಾಕಿ. ಬಾಯಿ ಹೊಲೆಯಿರಿ. ಆ ಚೀಲವನ್ನು ಸೈಕಲ್ಲಿನ ನಡುವೆ ಕಟ್ಟಿ. ಬೇರೆ ಗಂಟು ಮಾಡಬೇಡಿ. ಎರಡು ಗಂಟು ಆದರೆ ಒಂದು ಕಳೀತದೆ.

ಟೈರಿನ ಗಾಳಿ ಪೂರ್ತಿ ಬಿಡಬೇಡಿ. ಸ್ವಲ್ಪ ಗಾಳಿ ಇದ್ದರೆ ಏಟು ಬಿದ್ದರೂ ರಿಮ್ ಉಳೀತದೆ.

ಇನ್ನು ಸುತ್ತುವುದು. ಫ್ರೇಮಿನ ಕಂಬಿಗಳಿಗೆ ಮೊದಲು ರಟ್ಟು, ಅದರ ಮೇಲೆ ಗೋಣಿತಾಟು ಸುತ್ತಿ. ಕಟ್ಟಲು ಹಗ್ಗಕ್ಕಿಂತ ಹಳೇ ಸೈಕಲ್ ಟ್ಯೂಬು ಒಳ್ಳೆಯದು. ಉದ್ದಕ್ಕೆ ಸೀಳಿ ಪಟ್ಟಿ ಮಾಡಿ ಎಳೆದು ಕಟ್ಟಿದರೆ ಜಾರುವುದಿಲ್ಲ. ಯಾವ ಸೈಕಲ್ ಅಂಗಡಿಯಲ್ಲಿ ಕೇಳಿದರೂ ಹಳೇ ಟ್ಯೂಬು ಸಿಗ್ತದೆ. ಗೋಣಿಯನ್ನು ದಬ್ಬಳ, ಸುತಲಿಯಿಂದ ಹೊಲೆಯಿರಿ. ಹೊಲೆಯಲು ನಮ್ಮ ಅಕ್ಕಂದಿರಿಗಿಂತ ಚೆನ್ನಾಗಿ ಯಾರಿಗೆ ಬರ್ತದೆ? ಮನೆಯಲ್ಲೇ ಮಾಡಿದರೆ ಪ್ಯಾಕಿಂಗ್ ದುಡ್ಡು ಉಳೀತದೆ. ಚಕ್ರ ಮಾತ್ರ ಉರುಳುವ ಹಾಗಿರಲಿ.

4. ಪೆಟ್ಟಿಗೆಯಲ್ಲಿ ಕಟ್ಟುವ ಬಗೆ

ಕೊರಿಯರಿಗೆ ಕೊಡುವಾಗ ರಟ್ಟಿನ ಪೆಟ್ಟಿಗೆ ಬೇಕು. ಹೊಸದು ಕೊಳ್ಳಬೇಡಿ. ಸೈಕಲ್ ಅಂಗಡಿಗೆ ಹೊಸ ಸೈಕಲ್ಲುಗಳು ಉದ್ದನೆಯ ಪೆಟ್ಟಿಗೆಯಲ್ಲಿ ಬರ್ತವೆ. ಖಾಲಿ ಪೆಟ್ಟಿಗೆ ಕೇಳಿ ತಗೊಳ್ಳಿ.

ಕೊರಿಯರಿನವರು ಬರೀ ತಕ್ಕಡಿ ತೂಕ ನೋಡುವುದಿಲ್ಲ. ಪೆಟ್ಟಿಗೆ ಎಷ್ಟು ಜಾಗ ಹಿಡೀತದೆ ಅಂತಲೂ ನೋಡ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸ್ತಾರೆ. ಬಂದದ್ದನ್ನು ಒಂದು ಸಂಖ್ಯೆಯಿಂದ ಭಾಗಿಸ್ತಾರೆ. ಹಲವರು 5000ದಿಂದ ಭಾಗಿಸ್ತಾರೆ. ಕೆಲವರು ಬೇರೆ ಸಂಖ್ಯೆ ಇಟ್ಟುಕೊಂಡಿರ್ತಾರೆ. ಕೇಳಿಕೊಳ್ಳಿ. ಹೀಗೆ ಬಂದ ತೂಕ, ತಕ್ಕಡಿ ತೂಕ, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು.

ಪೆಟ್ಟಿಗೆ ಉದ್ದ 140, ಅಗಲ 25, ಎತ್ತರ 80 ಇದ್ದರೆ:
140 × 25 × 80 = 2,80,000
2,80,000 ÷ 5000 = 56 ಕಿಲೋ.

ಅದನ್ನೇ ಬಿಗಿಯಾಗಿ ಕಟ್ಟಿ ಅಗಲ 20, ಎತ್ತರ 75ಕ್ಕೆ ಇಳಿಸಿದರೆ:
140 × 20 × 75 = 2,10,000
2,10,000 ÷ 5000 = 42 ಕಿಲೋ.

ಸೈಕಲ್ ಅದೇ. 14 ಕಿಲೋ ಬಾಡಿಗೆ ಉಳಿಯಿತು! ಹಾಗಾಗಿ ದೊಡ್ಡ ಪೆಟ್ಟಿಗೆ ಒಳ್ಳೆಯದು ಅಂದುಕೊಳ್ಳಬೇಡಿ. ಸೈಕಲ್ಲಿಗೆ ಸರಿಯಾಗುವ ಪೆಟ್ಟಿಗೆ ಒಳ್ಳೆಯದು.

ಪೆಟ್ಟಿಗೆಗೆ ಹಾಕುವಾಗ ಮುಂದಿನ ಚಕ್ರ ಬಿಚ್ಚಬೇಕು. ಚಕ್ರವನ್ನು ಫ್ರೇಮಿನ ಪಕ್ಕಕ್ಕೆ ಕಟ್ಟಿ. ನಡುವೆ ರಟ್ಟು ಇಡಿ. ಚಕ್ರ ಬಿಚ್ಚಿದ ಮೇಲೆ ಫೋರ್ಕಿನ ಎರಡು ಕಾಲುಗಳ ನಡುವೆ ಜಾಗ ಖಾಲಿ ಆಗ್ತದೆ. ಅಲ್ಲಿಗೆ ಅಳತೆಯಾಗಿ ಒಂದು ಮರದ ತುಂಡು ಕೂಡಿಸಿ ಬಿಗಿಯಾಗಿ ಕಟ್ಟಿ. ಇಲ್ಲದಿದ್ದರೆ ಮೇಲೆ ಭಾರ ಬಿದ್ದಾಗ ಫೋರ್ಕು ಬಾಗ್ತದೆ. ಫೋರ್ಕು ಬಾಗಿದ ಸೈಕಲ್ ನೇರ ಹೋಗುವುದಿಲ್ಲ.

5. ವಿಳಾಸ ಬರೆಯುವುದು

ಇದೇ ಎಲ್ಲಕ್ಕಿಂತ ಮುಖ್ಯ.

ಎರಡು ವಿಳಾಸ ಬೇಕು: ಇಂದ, ಗೆ. ಕಳಿಸುವವರದು, ಪಡೆಯುವವರದು. ಎರಡರಲ್ಲೂ ಹೆಸರು, ಊರು, ತಾಲ್ಲೂಕು, ಜಿಲ್ಲೆ, ರಾಜ್ಯ, 6 ಅಂಕಿಯ ಪಿನ್ ಕೋಡ್, ಫೋನ್ ನಂಬರ್ ಇರಬೇಕು. ರೈಲಾದರೆ ಹತ್ತುವ ಸ್ಟೇಷನ್, ಇಳಿಯುವ ಸ್ಟೇಷನ್ ಹೆಸರೂ ಬರೆಯಿರಿ.

ಕನ್ನಡದಲ್ಲಿ ಬರೆಯಿರಿ. ಪಕ್ಕದಲ್ಲಿ ಇಂಗ್ಲಿಷಿನಲ್ಲೂ ಬರೆಸಿ. ಬೆಂಗಳೂರಿನಿಂದ ರಾಯಚೂರಿಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಆಂಧ್ರದ ಗುಂತಕಲ್ ಮೇಲೆ ಹೋಗ್ತದೆ. ಅಲ್ಲಿ ಪಾರ್ಸೆಲ್ ನೋಡುವವರಿಗೆ ಕನ್ನಡ ಬರಬೇಕಲ್ಲ?

ಬಿಳಿ ಬಟ್ಟೆ ಮೇಲೆ ಪೇಂಟಿನಿಂದ ಬರೆದು ಗೋಣಿಗೆ ಹೊಲೆಯಿರಿ. ನೀರು ಬಿದ್ದರೂ ಅಳಿಸುವುದಿಲ್ಲ. ಇನ್ನೊಂದು ಚೀಟಿ ಬರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗೆ ಫ್ರೇಮಿಗೆ ಕಟ್ಟಿ. ಹೊರಗಿನದು ಹರಿದರೆ ಒಳಗಿನದು ಮಾತಾಡ್ತದೆ.

ಇನ್ನೊಂದು ಗುಟ್ಟು. ಸೈಕಲ್ ಫ್ರೇಮಿನ ಮೇಲೆ ಒಂದು ನಂಬರ್ ಕೊರೆದಿರ್ತಾರೆ. ಹೆಚ್ಚಾಗಿ ಪೆಡಲ್ ಕೂಡುವ ಜಾಗದ ಅಡಿಯಲ್ಲಿ, ಇಲ್ಲವೇ ಸೀಟಿನ ಕೆಳಗೆ ಇರ್ತದೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ನಂಬರ್ ಕಾಗದಕ್ಕೆ ಮೂಡ್ತದೆ. ಆ ಕಾಗದ ನಿಮ್ಮ ಹತ್ತಿರ ಇರಲಿ. ಇದು ನನ್ನ ಸೈಕಲ್ ಅಂತ ಹೇಳಲು ಅದೇ ಸಾಕ್ಷಿ.

6. ರಶೀದಿ ಓದುವುದು

ಹಣ ಕಟ್ಟಿದ ಮೇಲೆ ಓಡಿ ಬರಬೇಡಿ. ಅಲ್ಲೇ ನಿಂತು ರಶೀದಿ ಓದಿ. ಹಿಂದೆ ಇದ್ದವರು ಅವಸರ ಮಾಡಿದರೂ ಓದಿ.

ತಾರೀಖು ಸರಿ ಇದೆಯಾ? ಎಲ್ಲಿಂದ, ಎಲ್ಲಿಗೆ ಸರಿ ಇದೆಯಾ? ಪಡೆಯುವವರ ಹೆಸರು ಸರಿ ಇದೆಯಾ? ಗಂಟು ಎಷ್ಟು? ತೂಕ ಎಷ್ಟು? ನೀವು ಕೊಟ್ಟ ಹಣ ಎಷ್ಟು, ಬರೆದದ್ದು ಎಷ್ಟು? ಸೈಕಲ್ಲಿನ ಬೆಲೆ ಬರೆದಿದ್ದಾರಾ? ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಅಚ್ಚಾಗಿದೆ? ಇಂಗ್ಲಿಷಿನಲ್ಲಿದ್ದರೆ "ಏನಂತ ಬರೆದಿದೆ, ಓದಿ ಹೇಳಿ" ಅಂತ ಕೇಳಿ. ಕೇಳುವುದಕ್ಕೆ ನಾಚಿಕೆ ಏಕೆ? ದುಡ್ಡು ನಮ್ಮದು.

ಬೆಲೆ ಬರೆಸುವುದು ಯಾಕೆ ಮುಖ್ಯ? ರೈಲ್ವೆಯ 1990ರ ನಿಯಮದಂತೆ, ಬೆಲೆ ಬರೆಸಿ ಅದಕ್ಕೆ ಹೆಚ್ಚಿನ ಶುಲ್ಕ ಕಟ್ಟದಿದ್ದರೆ, ಕಳೆದುಹೋದ ಪಾರ್ಸೆಲ್ಲಿಗೆ ಕಿಲೋಗೆ 50 ರೂಪಾಯಿಗಿಂತ ಹೆಚ್ಚು ಸಿಗುವುದಿಲ್ಲ. ಸೈಕಲ್ 20 ಕಿಲೋ ಇದ್ದರೆ 20 × 50 = 1000 ರೂಪಾಯಿ. ನಿಮ್ಮ ಸೈಕಲ್ 3500 ರೂಪಾಯಿಯದಾದರೆ 2500 ಹೋಯಿತು. ಹಾಗಾಗಿ ಆ ಶುಲ್ಕ ಎಷ್ಟು ಅಂತ ಕೇಳಿ. ಲೆಕ್ಕ ಹಾಕಿ. ಆಮೇಲೆ ತೀರ್ಮಾನ ಮಾಡಿ.

ಸೈಕಲ್ ಬಿಡಿಸಿಕೊಳ್ಳಲು ಮೂಲ ರಶೀದಿ ಬೇಕು. ಅದನ್ನು ಭದ್ರ ದಾರಿಯಲ್ಲಿ, ಇಲ್ಲವೇ ನಂಬಿಕೆಯವರ ಕೈಯಲ್ಲಿ ಊರಿಗೆ ಕಳಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ನಿಮ್ಮ ಹತ್ತಿರವೂ ಇಟ್ಟುಕೊಳ್ಳಿ. ಸೈಕಲ್ ಬಂದ ಕೂಡಲೇ ಬಿಡಿಸಿಕೊಳ್ಳಲು ಹೇಳಿ. ತಡ ಮಾಡಿದರೆ ಇಟ್ಟುಕೊಂಡ ಬಾಡಿಗೆ ಕೇಳ್ತಾರೆ.

ಬಿಡಿಸಿಕೊಳ್ಳುವಾಗ ಅಲ್ಲೇ ನೋಡಿ. ಏನಾದರೂ ಮುರಿದಿದ್ದರೆ ಸಹಿ ಮಾಡುವ ಮೊದಲೇ ಅದನ್ನು ಬರೆಸಿ. ಸೈಕಲ್ ಬಾರದಿದ್ದರೆ, ಮುರಿದಿದ್ದರೆ, ಪರಿಹಾರ ಕೇಳಿ ಕಾಗದದಲ್ಲಿ ಬರೆದು ಕೊಡಬೇಕು. ಬಾಯಿಮಾತು ಸಾಲದು. ರೈಲ್ವೆಗೆ ಕೊಟ್ಟ ಮಾಲಾದರೆ 6 ತಿಂಗಳ ಒಳಗೆ. ಲಾರಿಯವರಿಗೆ ಕೊಟ್ಟದ್ದಾದರೆ ಬುಕ್ ಮಾಡಿದ ದಿನದಿಂದ 180 ದಿನದ ಒಳಗೆ. ರೈಲಿನ ವಿಚಾರ ಕೇಳಲು 139ಕ್ಕೆ ಫೋನ್ ಮಾಡಿ. ಗ್ರಾಹಕರ ದೂರಿಗೆ 1915 ಇದೆ.

1993ರಲ್ಲಿ ಬರೆದು ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರೆಯಲು ಬರ್ತಿರಲಿಲ್ಲ.

7. ಇನ್ನೊಂದು ಸೈಕಲ್

ಇನ್ನು ಸ್ವಲ್ಪ ಹೇಳಿ ಮುಗಿಸ್ತೀನಿ.

ನನ್ನ ತಂಗಿಗೆ ಮದುವೆ ಆಯಿತು. ಮಕ್ಕಳಾದವು. ಕೊನೆಯ ಮಗಳು 2022ರಲ್ಲಿ 8ನೇ ತರಗತಿಗೆ ಬಂದಳು. ಸರ್ಕಾರ 2006-07ರಿಂದ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡ್ತಿತ್ತು. ಕೊರೊನಾ ಬಂದ ಮೇಲೆ ಅದು ನಿಂತಿತ್ತು. ಆ ಹುಡುಗಿಗೆ ಸಿಗಲಿಲ್ಲ. ಅವಳ ಹೈಸ್ಕೂಲೂ ದೂರವೇ.

ತಂಗಿ ಫೋನ್ ಮಾಡಿದಳು. "ಅಣ್ಣಾ, ನನಗ ಆದಂಗ ಇವಳಿಗೆ ಆಗಬಾರದು" ಅಂದಳು. ಅಷ್ಟೇ ಅಂದಳು.

ನಾನು ಒಂದು ಸೈಕಲ್ ಸರಿ ಮಾಡಿದೆ. ನಿಮಗೆ ಈಗ ಹೇಳಿದೆನಲ್ಲ, ಹಾಗೇ ಕಟ್ಟಿದೆ. ಬಿಳಿ ಬಟ್ಟೆ ಮೇಲೆ ವಿಳಾಸ ನಾನೇ ಬರೆದೆ. ಪಾರ್ಸೆಲ್ ಆಫೀಸಿನಲ್ಲಿ ಫಾರಂ ನಾನೇ ತುಂಬಿದೆ. "ಸಹಿಯಾ, ಹೆಬ್ಬೆಟ್ಟಾ?" ಅಂತ ಕೇಳಿದರು. "ಸಹಿ" ಅಂದೆ. ರಶೀದಿ ನಿಂತು ಓದಿದೆ. ಜಿಲ್ಲೆಯ ಹೆಸರು ಎರಡು ಸಲ ಓದಿದೆ.

ಐದನೇ ದಿನ ತಂಗಿಯ ಫೋನ್ ಬಂತು. ಅವಳು, ಮಗಳು ಇಬ್ಬರೂ ರಾಯಚೂರು ಸ್ಟೇಷನ್ನಿನಲ್ಲಿದ್ದರು.

"ಅಣ್ಣಾ, ಸೈಕಲ್ ಬಂದೈತಿ. ದೂರದಿಂದನಾ ಗುರುತು ಹಿಡಿದೆ" ಅಂದಳು.

"ಹೆಂಗ ಹಿಡಿದಿ? ಪೂರ್ತಿ ಗೋಣಿ ಸುತ್ತೀನಲ್ಲ?" ಅಂದೆ.

"ನನ್ನ ಹೆಸರು ಬರದೀಯಲ್ಲಣ್ಣಾ. ನಿನ್ನ ಅಕ್ಷರ" ಅಂದಳು.

ಆ ಹುಡುಗಿ ಆ ಸೈಕಲ್ ಮೇಲೇ 10ನೇ ತರಗತಿ ಮುಗಿಸಿದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವು ಇವತ್ತು ಸೈಕಲ್ ಕಳಿಸದೇ ಇರಬಹುದು. ಆದರೂ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ನಿಮ್ಮ ಊರಿನ ಪೂರ್ತಿ ವಿಳಾಸ ಒಂದು ಕಾಗದದ ಮೇಲೆ ಬರೆಯಿರಿ. ಪಿನ್ ಕೋಡ್ ಬಿಡಬೇಡಿ. ನಾಳೆ ಟೀಚರಮ್ಮನಿಗೆ ತೋರಿಸಿ.

ಪೆಡಲ್ ಬಿಚ್ಚಲು ಬಾರದಿದ್ದರೆ ನನ್ನ ಅಂಗಡಿಗೆ ಬನ್ನಿ. ತೋರಿಸಿ ಕೊಡ್ತೀನಿ. ಹಳೇ ಟ್ಯೂಬೂ ಕೊಡ್ತೀನಿ. ಅದಕ್ಕೆ ದುಡ್ಡಿಲ್ಲ.

ನೆನಪಿಡಿ
• ಬಾಡಿಗೆ ಎಷ್ಟು ಅಂತಲ್ಲ, ಎಲ್ಲಾ ಸೇರಿ ಎಷ್ಟು ಅಂತ ಕೇಳಿ.
• ಎಡಗಡೆ ಪೆಡಲಿನ ಮರೆ ಉಲ್ಟಾ.
• ವಿಳಾಸ ಹೊರಗೊಂದು, ಒಳಗೊಂದು.
• ಓದದೆ ಸಹಿ ಮಾಡಬೇಡಿ.

ಉತ್ತರ ಬರೆಯಿರಿ
1. ಮೊದಲ ಸೈಕಲ್ ಬೇರೆ ಊರಿಗೆ ಹೋದದ್ದು ಯಾಕೆ?
2. ಪೆಟ್ಟಿಗೆ ಉದ್ದ 130, ಅಗಲ 20, ಎತ್ತರ 75 ಸೆಂಟಿಮೀಟರು. 5000ದಿಂದ ಭಾಗಿಸಿದರೆ ಎಷ್ಟು ಕಿಲೋ?
3. ನಿಮ್ಮ ಹತ್ತಿರ ಇರುವ ಒಂದು ರಶೀದಿ ತನ್ನಿ. ಅದರಲ್ಲಿ ಏನೇನು ಬರೆದಿದೆ, ಓದಿ ಹೇಳಿ.